ಅರ್ಧಾಣೆ ರಾಣಿಗೆ ಹಲ್ಲು ಮೂಡಿದ್ದು

ಹಳೆಯ ಅಂಚೆಚೀಟಿಯ ಅಂಚಿನಲ್ಲಿ ಹಲ್ಲಿನ ಹಾಗೆ ಕಾಣುತ್ತವಲ್ಲ, ಅವು ಚೀಟಿ ಅಚ್ಚಾದಾಗಲೇ ಕೊರೆದವೋ ಅಥವಾ ಆಮೇಲೆ ಯಾರಾದರೂ ಮನೆಯಲ್ಲಿ ಕೂತು ಕೊರೆದವೋ ಎಂದು ನೋಡಿ ಹೇಳುವುದು ನನ್ನ ಕೆಲಸವಾಗಿತ್ತು. ಎಪ್ಪತ್ತರ ದಶಕದ ಆರಂಭದಿಂದ ಎಂಬತ್ತರ ದಶಕದ ಕೊನೆಯವರೆಗೆ ಅದೊಂದನ್ನೇ ಮಾಡಿದೆ. ನಮ್ಮ ಮಾವನವರು ಕೊನೆಗಾಲದವರೆಗೂ ಇದನ್ನು ಕೆಲಸ ಎಂದು ಒಪ್ಪಲಿಲ್ಲ. ಅಳಿಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ "ಪೋಸ್ಟಾಫೀಸಿನ ಕಡೆ ಏನೋ" ಎಂದು ಮಾತು ತೇಲಿಸುತ್ತಿದ್ದರು. ಈಗ ಈ ಕಸುಬಿಗೆ ಬರಬೇಕೆಂದಿರುವ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಬಂದು ಅನುಭವ ಬರೆದುಕೊಡಿ ಎನ್ನುತ್ತಾರೆ. ಕಣ್ಣು ಹಾಳಾಗುತ್ತದೆ, ಕತ್ತು ಹಿಡಿಯುತ್ತದೆ, ನೀವು ಹೇಳಿದ ನಿಜ ಯಾರಿಗೂ ಬೇಕಿರುವುದಿಲ್ಲ. ಇದಿಷ್ಟು ಗೊತ್ತಿದ್ದೂ ಬರುವುದಾದರೆ ಮುಂದಕ್ಕೆ ಓದಿ.

ಬೆಂಗಳೂರಿನಲ್ಲಿ ಹಳೆ ಅಂಚೆಚೀಟಿ ಕೊಂಡು ಸಂಗ್ರಾಹಕರಿಗೆ ಮಾರುವ ಒಂದು ಸಂಸ್ಥೆಯಿತ್ತು. ಹೆಸರು ಬೇಡ, ಈಗ ಅದೂ ಇಲ್ಲ. ಆ ಸಂಸ್ಥೆಯವರು ತಿಪಟೂರಿನಲ್ಲಿ ಒಂದು ಕೋಣೆ ಹಿಡಿದು ನನ್ನನ್ನು ಕೂರಿಸಿದ್ದರು. ಅದಕ್ಕೆ ಕಾರಣವಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕೊಬ್ಬರಿ ಮಂಡಿಗಳಿಗೆ ದೂರದೂರದ ಊರುಗಳಿಂದ ಅಜ್ಜ ಮುತ್ತಜ್ಜಂದಿರ ಕಾಲದಿಂದ ವ್ಯಾಪಾರದ ಕಾಗದಗಳು ಬರುತ್ತಿದ್ದವು. ನಮ್ಮ ಕಡೆಯವರು ಬಂದ ಕಾಗದ ಎಸೆಯುವವರಲ್ಲ. ಗೋಣಿಚೀಲಕ್ಕೆ ತುಂಬಿ, ಅಟ್ಟದಲ್ಲಿ ವರ್ಷಗಟ್ಟಲೆ ಒಣಗುವ ತೆಂಗಿನಕಾಯಿಯ ಪಕ್ಕಕ್ಕೆ ತಳ್ಳಿ ಮರೆತುಬಿಡುತ್ತಿದ್ದರು. ಆ ಚೀಲಗಳನ್ನು ಇಳಿಸಿ, ಧೂಳು ಕೊಡವಿ, ಚೀಟಿ ಆರಿಸುವುದು ನನ್ನ ಪಾಲಿಗೆ ಬಂತು. ನನ್ನ ಕೋಣೆಯೂ ಕೊಬ್ಬರಿ ಗೋದಾಮಿನ ಮಹಡಿಯ ಮೇಲೇ ಇತ್ತು. ಮೇಜು, ಕುರ್ಚಿ, ಭೂತಗನ್ನಡಿ, ಕೊನೆಗೆ ನಾನು ತಿನ್ನುವ ಅನ್ನ, ಎಲ್ಲಕ್ಕೂ ಕೊಬ್ಬರಿಯ ವಾಸನೆ. ಒಂದೆರಡು ವರ್ಷ ಕಳೆದ ಮೇಲೆ ಆ ವಾಸನೆ ನನ್ನ ಮೂಗಿಗೆ ಗೊತ್ತಾಗುವುದೇ ನಿಂತುಹೋಯಿತು.

ಕೆಲಸ ಕಲಿಸಿದವರು ಬೆಂಗಳೂರಿನ ಕಚೇರಿಯ ಸುಬ್ಬರಾಯರು. ನನ್ನ ಮೇಲಧಿಕಾರಿ. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದದ್ದು ನಾನು ಕಾಣೆ. ಮೊದಲ ದಿನ ಒಂದು ಹಳೇ ಪತ್ರಿಕೆಯ ಹಾಳೆ ಕೊಟ್ಟು, ಯಂತ್ರದಲ್ಲಿ ಒಂದು ಸಾಲು ತೂತು ಕೊರೆಸಿ, ಅದರ ಪಕ್ಕದಲ್ಲೇ ಸೂಜಿಯಿಂದ ಇನ್ನೊಂದು ಸಾಲು ಚುಚ್ಚಿಸಿದರು.

"ನೋಡಿ ಶಿವಣ್ಣ. ಯಂತ್ರದ ತೂತಲ್ಲಿ ಕಾಗದದ ಬೊಟ್ಟು ಕತ್ತರಿಸಿ ಉದುರಿಹೋಗುತ್ತೆ. ಸೂಜಿ ತೂತಲ್ಲಿ ಕಾಗದ ಎಲ್ಲಿಗೂ ಹೋಗಲ್ಲ, ಪಕ್ಕಕ್ಕೆ ಸರಿದು ನಿಂತಿರುತ್ತೆ. ಇಷ್ಟು ಗೊತ್ತಾದ್ರೆ ಅರ್ಧ ಕೆಲಸ ಬಂತು."

"ಇನ್ನರ್ಧ ಸಾರ್?"

"ಚೀಟೀನ ಮಾತ್ರ ನೋಡಿ, ತಂದವರ ಮುಖ ನೋಡಬೇಡಿ."

ನಮ್ಮಪ್ಪ ದನದ ದಲ್ಲಾಳಿಯಾಗಿದ್ದವನು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ನಾನು ಕೆಲಸಕ್ಕೆ ಸೇರಿದ ಸುದ್ದಿ ಕೇಳಿ, "ನೀನೂ ಹಲ್ಲೇ ನೋಡೋದೇನ್ಲಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಊರಲ್ಲಿ ನನಗೆ ಹಲ್ಲಿನ ಶಿವಣ್ಣ ಎಂಬ ಹೆಸರು ಅಂಟಿದ್ದು ಅವನಿಂದಲೇ. ಹಲ್ಲುನೋವಿಗೆ ಔಷಧಿ ಕೇಳಿಕೊಂಡು ಮಹಡಿ ಹತ್ತಿ ಬಂದವರೂ ಇದ್ದಾರೆ.

ತುರುವೇಕೆರೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಚಿಕ್ಕಂದಿನಿಂದ ಚೀಟಿ ಕೂಡಿಸಿದ್ದೇನೆ, ಬಂದು ನೋಡಿ ಎಂದು ಹೇಳಿಕಳಿಸಿದರು. ಹೋದೆ. ಆಲ್ಬಮ್ ತೆರೆದರೆ ಒಂದು ಚೀಟಿಗೂ ಹಲ್ಲಿಲ್ಲ. ಅಷ್ಟನ್ನೂ ಕತ್ತರಿಯಿಂದ ನೇರವಾಗಿ, ಗೆರೆ ಎಳೆದ ಹಾಗೆ ಕತ್ತರಿಸಿಟ್ಟಿದ್ದರು.

"ಅಂಚು ಹರಿದಂಗೆ ಕಾಣ್ತಿತ್ತು ಕಣ್ರೀ. ಭಾನುವಾರ ಭಾನುವಾರ ಕೂತು ಒಪ್ಪ ಮಾಡ್ದೆ" ಎಂದರು.

ಅವರ ಮುಖ ನೋಡದೆ ಹೇಳಬೇಕಿತ್ತು. ಆದರೆ ಅವರು ಎದುರಿಗೇ ಕೂತಿದ್ದರು. ಹಲ್ಲು ಹೋದ ಮೇಲೆ ಸಂಗ್ರಾಹಕರು ಇವನ್ನು ಮುಟ್ಟುವುದಿಲ್ಲ ಎಂದು ತಿಳಿಸಿದೆ. ಅವರು ತುಂಬ ಹೊತ್ತು ಆಲ್ಬಮ್ಮಿನ ಮೇಲೆ ಕೈಯಾಡಿಸಿದರು. "ಎಲ್ಲಾನೂ ಹೋಯ್ತಾ?" ಎಂದರು. ಹೋಯಿತು ಎಂದೆ. "ಆದ್ರೂ ನೋಡೋಕೆ ಚಂದಾಗವೆ, ಅಲ್ವೇ?" ಎಂದರು. ಚೆನ್ನಾಗಿವೆ ಎಂದೆ, ಅದೇನೂ ಸುಳ್ಳಾಗಿರಲಿಲ್ಲ. ಈ ಕಸುಬಿನಲ್ಲಿ ಇಂಥ ದಿನಗಳೇ ಹೆಚ್ಚು. ಸಿಹಿ ಸುದ್ದಿ ಹೇಳಲು ಬಸ್ಸು ಹತ್ತಿದ ದಿನಗಳನ್ನು ನೆನೆಸಿಕೊಳ್ಳಲು ನೋಡಿದೆ, ಬೇಗ ನೆನಪಾಗುತ್ತಿಲ್ಲ.

ಕೆಲಸದ ರೀತಿಯೂ ಬದಲಾಗುತ್ತ ಹೋಯಿತು. ಮೊದಲು ತೂತಿನ ಲೆಕ್ಕ ಅಳೆಯುವ ರಟ್ಟಿನ ಪಟ್ಟಿ ಮಾತ್ರ ಇತ್ತು. ಆಮೇಲೆ ಆಚೆ ಈಚೆ ಕಾಣುವ ಪ್ಲಾಸ್ಟಿಕ್ ಪಟ್ಟಿ ಬಂತು. ಅದಾದ ಮೇಲೆ ನೇರಳೆ ಬೆಳಕಿನ ದೀಪ ಬಂತು, ಅದರ ಕೆಳಗಿಟ್ಟರೆ ಹೊಸ ಕಾಗದ ಬೇರೆಯಾಗಿ ಹೊಳೆಯುತ್ತದೆ. ದೀಪವನ್ನೇನೋ ಬೆಂಗಳೂರಿನವರು ಕಳಿಸಿದರು, ಕರೆಂಟು ಕಳಿಸುವವರು ಯಾರು? ತಿಂಗಳಲ್ಲಿ ಅರ್ಧದಷ್ಟು ದಿನ ಅದು ಪೆಟ್ಟಿಗೆಯಲ್ಲೇ ಮಲಗಿರುತ್ತಿತ್ತು. ಬದಲಾಗದೆ ಉಳಿದದ್ದು ನಮ್ಮ ಅಭಿಪ್ರಾಯ ಪತ್ರ. ಅದರಲ್ಲಿ ಬರೆಯಲು ಇದ್ದದ್ದು ಅಸಲಿ, ನಕಲಿ, ಹೇಳಲಾಗದು, ಈ ಮೂರರಲ್ಲಿ ಒಂದು ಮಾತ್ರ. ಇನ್ನೊಂದು ಪದ ಹೆಚ್ಚಿಗೆ ಬರೆದರೂ ಸುಬ್ಬರಾಯರಿಂದ ಮೆಮೊ ಬರುತ್ತಿತ್ತು. ಈ ಒಂದೇ ಪದದ ನಿಯಮ ಪಾಲಿಸಿದ್ದರೆ ಒಬ್ಬ ಮನುಷ್ಯ ಕಳ್ಳನಾಗಿಬಿಡುತ್ತಿದ್ದ. ಇಷ್ಟು ಬರೆಯಲು ಕೂತದ್ದೇ ಅದನ್ನು ಹೇಳುವುದಕ್ಕಾಗಿ.

ಎಂಬತ್ತರ ದಶಕದ ಮೊದಲ ಭಾಗ. ಚಿಕ್ಕನಾಯಕನಹಳ್ಳಿಯ ಚನ್ನಬಸಪ್ಪನವರದು ದೊಡ್ಡ ಕೊಬ್ಬರಿ ಮಂಡಿ, ಹಳೇ ಮನೆತನ. ಅವರ ಅಟ್ಟದ ಚೀಲಗಳನ್ನು ನೋಡಲು ಹೋಗಿದ್ದೆ. ಚೀಲ ಇಳಿಸಿಕೊಟ್ಟವರು ಮಂಡಿಯ ಗುಮಾಸ್ತ ರಾಜಣ್ಣ. ಬಿಳಿಗೆರೆಯವರು, ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಮಂಡಿಗೆ ಸೇರಿ ಅಲ್ಲೇ ಕೂದಲು ನರೆಸಿಕೊಂಡವರು. ಮಂಡಿಯ ಬೀಗದ ಕೈ ಸದಾ ಅವರ ಸೊಂಟದಲ್ಲಿರುತ್ತಿತ್ತು.

ಒಂದು ಚೀಲದ ತಳದಲ್ಲಿ ಕಂಪನಿ ಸರ್ಕಾರದ ಕಾಲದ ಒಂದು ಲಕೋಟೆ ಸಿಕ್ಕಿತು. ಗೋಂದು ಒಣಗಿ ಬಿಟ್ಟುಕೊಂಡಿದ್ದ ಚೀಟಿ ಅದರೊಳಗೇ ಬಿದ್ದಿತ್ತು. ರಾಣಿಯ ತಲೆಯಿರುವ ನೀಲಿ ಅರ್ಧಾಣೆ. ಆ ಕಾಲದಲ್ಲಿ ನಮ್ಮ ದೇಶದ ಚೀಟಿಗಳಿಗೆ ಹಲ್ಲು ಕೊರೆಯುತ್ತಿರಲಿಲ್ಲ. ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಕತ್ತರಿಸಿದವನ ಕೈ ತಪ್ಪದೆ ನಾಲ್ಕೂ ಕಡೆ ಬಿಳಿ ಅಂಚು ಅಗಲವಾಗಿ ಉಳಿದಿರುವ ಚೀಟಿ ಸಿಗುವುದೇ ಅಪರೂಪ. ಇದರಲ್ಲಿ ಉಳಿದಿತ್ತು. ನನಗೆ ನಿಜವಾಗಿ ಸಂತೋಷವಾಯಿತು, ಅಂಥದ್ದನ್ನು ಅಲ್ಲಿಯವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಚನ್ನಬಸಪ್ಪನವರಿಗೆ ಹಾಗೇ ಹೇಳಿದೆ. ಮಾಲನ್ನು ನಾನೇ ಹೊತ್ತು ತರುವಂತಿರಲಿಲ್ಲ, ಮಾಲೀಕರ ಕಡೆಯವರೇ ತಂದು ಒಪ್ಪಿಸಬೇಕೆಂಬುದು ಸಂಸ್ಥೆಯ ನಿಯಮ. ಅವರು ಚೀಟಿಯನ್ನು ಒಂದು ಕಾಗದದಲ್ಲಿ ಮಡಿಸಿ ದೇವರ ಗೂಡಿನಲ್ಲಿಟ್ಟರು. ಒಳ್ಳೆಯ ದಿನ ನೋಡಿ ರಾಜಣ್ಣನ ಕೈಲಿ ಕಳಿಸುತ್ತೇನೆ ಎಂದರು.

ವಾರದೊಳಗೆ ರಾಜಣ್ಣ ತಿಪಟೂರಿಗೆ ಬಂದು ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟರು. ಬಿಡಿಸಿ ನೋಡಿದೆ. ರಾಣಿ ಅದೇ, ನೀಲಿ ಅದೇ. ಆದರೆ ನಾಲ್ಕೂ ಕಡೆ ಹಲ್ಲು ಮೂಡಿತ್ತು.

"ರಾಜಣ್ಣ, ದಾರೀಲಿ ಇದನ್ನ ಬಿಚ್ಚಿದ್ರಾ?"

"ಇಲ್ಲ ಸಾಮಿ. ಯಜಮಾನ್ರು ಕೊಟ್ಟಂಗೇ ತಂದಿವ್ನಿ. ನಮ್ ಭಾಮೈದನ ಅಂಗಡೀಲಿ ಒಂದು ತುತ್ತು ಉಂಡು ಸೀದಾ ಇಲ್ಗೇ ಬಂದೆ. ಯಾಕ್ ಸಾಮಿ?"

ಭೂತಗನ್ನಡಿ ಹಿಡಿದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ತೂತಿನಲ್ಲಿ ಕಾಗದ ಉದುರಿರಲಿಲ್ಲ, ಪಕ್ಕಕ್ಕೆ ಸರಿದು ನಿಂತಿತ್ತು. ಸೂಜಿಯ ಕೆಲಸ. ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿದೆ.

"ಹಲ್ಲು ನಕಲಿ ತಾನೇ? ನಕಲಿ ಅಂತ ಬರೆದು ವಾಪಸ್ ಕಳಿಸಿ" ಎಂದರು ಸುಬ್ಬರಾಯರು.

"ಸಾರ್, ಚೀಟಿ ಮಾತ್ರ ಅಸಲಿ. ಬರೀ ನಕಲಿ ಅಂತ ಬರೆದ್ರೆ ಚೀಟೀನೇ ಬದಲಾಗಿದೆ ಅಂದ್ಕೋತಾರೆ."

"ಅವರು ಏನಂದ್ಕೋತಾರೆ ಅನ್ನೋದು ನಮ್ಮ ಕೆಲಸ ಅಲ್ಲ ಶಿವಣ್ಣ" ಎಂದು ಫೋನಿಟ್ಟರು.

ಸಂಜೆ ಚನ್ನಬಸಪ್ಪನವರೇ ಕೆಳಗಿನ ಗೋದಾಮಿಗೆ ಫೋನು ಮಾಡಿದರು. ಚೀಟಿಗೆ ಹಲ್ಲು ಬಂದಿದೆ, ಆ ಹಲ್ಲು ನಕಲಿ ಎಂದೆ. ಇನ್ನೂ ವಿವರಿಸುವಷ್ಟರಲ್ಲಿ ಅವರು ಸಿಡಿದರು.

"ನಾನ್ ಕಳ್ಸಿದ್ದು ಬೋಳು ಚೀಟಿ! ನೀವೇ ನೋಡಿದ್ರಲ್ರೀ. ನಮ್ದನ್ನ ಎತ್ತಿಟ್ಕಂಡು ಯಾವ್ದೋ ನಕ್ಲಿ ತಂದು ಕೊಟ್ಟವ್ನೆ. ಅವ್ನನ್ನ ಬುಡಬೇಡಿ. ಬೆಳಿಗ್ಗೆ ಇಬ್ರೂ ಬನ್ನಿ, ಪೊಲೀಸ್ನೋರಿಗೂ ಹೇಳಿಕಳಿಸ್ತೀನಿ."

ರಾಜಣ್ಣನನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ. ಸುದ್ದಿ ತಿಳಿದ ಮೇಲೆ ಅವರು ಕೂಗಾಡಲಿಲ್ಲ, ಅಳಲೂ ಇಲ್ಲ. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ನೋಡುತ್ತಿದ್ದರು.

"ಬರೋ ತಿಂಗ್ಳು ಮಗಳ ವೀಳ್ಯಶಾಸ್ತ್ರ ಸಾಮಿ. ಪೊಲೀಸ್ನೋರು ಬಂದ್ರು ಅಂದ್ರೆ, ನಿಜ ಆಮೇಲ್ ಗೊತ್ತಾದ್ರೂ ಗಂಡಿನೋರು ನಿಲ್ತಾರಾ?" ಎಂದರು.

ನನ್ನ ಹೆಂಡತಿ ಕಮಲ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಹಲ್ಲು ಸುಳ್ಳು ಎನ್ನುವುದು ನನಗೆ ಗೊತ್ತಿತ್ತು. ಯಾರ ಕೈಯ ಸುಳ್ಳು ಎಂದು ಹೇಳಲು ನನ್ನ ಭೂತಗನ್ನಡಿಗೆ ಬರುತ್ತಿರಲಿಲ್ಲ. ಆ ಕಸುಬಿನ ಮೇಲೆ ಅಷ್ಟು ಬೇಜಾರು ನನಗೆ ಹಿಂದೆಂದೂ ಆಗಿರಲಿಲ್ಲ.

ಬೆಳಿಗ್ಗೆ ಮೈ ಕೊರೆಯುವ ಚಳಿ. ಹೊರಡುವ ಮೊದಲು ಇನ್ನೊಂದು ಸಲ ನೋಡೋಣವೆಂದು ಕಿಟಕಿಯ ಬಳಿ ಚೀಟಿ ಹಿಡಿದೆ. ಒಂದೊಂದು ತೂತಿನ ಸುತ್ತಲೂ ಸಣ್ಣಗೆ ಬೆಳ್ಳಗೆ ಕಂಡಿತು. ಹಿಂದಿನ ಮಧ್ಯಾಹ್ನ ಅದು ಇರಲಿಲ್ಲ. ಬೂಷ್ಟು ಹಿಡಿಯಿತೇನೋ ಎಂದು ಗಾಬರಿಯಾಗಿ, ಇಸ್ತ್ರಿಗೆಂದು ಕೆಂಡ ತುಂಬಿಟ್ಟಿದ್ದ ಪೆಟ್ಟಿಗೆಯ ಹತ್ತಿರಕ್ಕೆ ಒಯ್ದೆ. ಬಿಸಿ ತಾಗಿದ ಕೂಡಲೇ ಬಿಳಿ ಮಾಯವಾಯಿತು. ಕಿಟಕಿಯ ಬಳಿಗೆ ತಂದು ಸ್ವಲ್ಪ ಹೊತ್ತು ಇಟ್ಟೆ, ಮತ್ತೆ ಬೆಳ್ಳಗಾಯಿತು. ಏನೆಂದು ಹೊಳೆಯದೆ ನಿಂತಿದ್ದಾಗ ಕಮಲ ಬಚ್ಚಲಿನಿಂದ ಕೂಗಿದಳು. "ಎಣ್ಣೆ ಗಡ್ಡೆ ಕಟ್ಟೈತೆ ಕಣ್ರೀ, ಬಿಸಿನೀರಲ್ಲಿಟ್ಟಿವ್ನಿ, ತಡ್ಕಳಿ."

ನಮ್ಮ ಸೀಮೆಯ ಪ್ರತಿಯೊಂದು ಮನೆಯಲ್ಲೂ ಚಳಿಗಾಲದ ಬೆಳಗಿನಲ್ಲಿ ಕೇಳುವ ಮಾತು. ಕೊಬ್ಬರಿ ಎಣ್ಣೆ. ನಾನು ಚೀಟಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಚನ್ನಬಸಪ್ಪನವರ ಮನೆ ತಲುಪಿದಾಗ ಜಗಲಿಯ ಮೇಲೆ ಒಬ್ಬ ಪೇದೆ ಕೂತು ಕಾಫಿ ಕುಡಿಯುತ್ತಿದ್ದ. ನನ್ನನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂರಿಸಿದರು. ರಾಜಣ್ಣನಿಗೆ ಕೂರಲು ಯಾರೂ ಹೇಳಲಿಲ್ಲ, ಬಾಗಿಲ ಬಳಿ ನಿಂತೇ ಇದ್ದರು.

"ಚೀಟಿ ನಕಲಿ ಅಲ್ಲ ಯಜಮಾನ್ರೇ" ಎಂದೆ. "ಕಾಗದ, ಅಚ್ಚು, ಮೊಹರು ಎಲ್ಲಾ ಹಳೇದು. ಅವತ್ತು ಇಲ್ಲಿ ನಾನು ನೋಡಿದ್ದು ಇದೇ ಚೀಟೀನ. ಹಲ್ಲು ಮಾತ್ರ ಹೊಸದು. ತೂತುಗಳೆಲ್ಲಾ ಒಂದೇ ಸಮ ದೂರದಲ್ಲಿವೆ, ಕೈಸೂಜೀಲಿ ಹಾಗೆ ಬರಲ್ಲ. ಹೊಲಿಗೆ ಮಷೀನಿಗೆ ದಾರ ಹಾಕದೆ ಇದರ ಅಂಚಲ್ಲಿ ಓಡಿಸಿ, ಹೊರಗಡೆ ಉಳಿದ ಕಾಗದಾನ ಕಿತ್ತಿದ್ದಾರೆ."

"ಹೊಲಿಗೆ ಮಷೀನಾ?" ಚನ್ನಬಸಪ್ಪನವರು ತೊಡೆ ತಟ್ಟಿದರು. "ಇವ್ನ ಭಾಮೈದ ತಿಪಟೂರಲ್ಲಿ ಟೈಲರು ಕಣ್ರೀ! ಲೇ ರಾಜ, ನೆನ್ನೆ ಅವ್ನ ಅಂಗ್ಡಿಗೆ ಹೋಗಿದ್ದೋ ಇಲ್ವೋ, ನಿಜ ಬೊಗಳು."

"ಹೋಗಿದ್ದೆ" ಎಂದರು ರಾಜಣ್ಣ. ಅವರ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಪೇದೆ ಲೋಟ ಕೆಳಗಿಟ್ಟ.

"ಒಂದ್ನಿಮಿಷ" ಎಂದೆ. "ಮಷೀನಿಗೆ ಕೊಬ್ಬರಿ ಎಣ್ಣೆ ಬಿಡೋ ಟೈಲರನ್ನ ನೀವೆಲ್ಲಾದ್ರೂ ನೋಡಿದ್ದೀರಾ?"

ಬೆಳಗಿನ ಚಳಿ ಅಲ್ಲೂ ಇನ್ನೂ ಇತ್ತು. ಚೀಟಿಯನ್ನೂ ಭೂತಗನ್ನಡಿಯನ್ನೂ ಚನ್ನಬಸಪ್ಪನವರ ಕೈಗೆ ಕೊಟ್ಟು ತೂತುಗಳ ಸುತ್ತಲಿನ ಬಿಳಿಯನ್ನು ತೋರಿಸಿದೆ. ಒಲೆಯಿಂದ ಒಂದು ಕೆಂಡ ತರಿಸಿ ಹತ್ತಿರ ಹಿಡಿದು ಕರಗಿಸಿದೆ. ಸೂಜಿಗೆ ಹತ್ತಿದ ಎಣ್ಣೆ ಇದು. ಹೊಟ್ಟೆಪಾಡಿಗೆ ಹೊಲಿಯುವವನು ಅಂಗಡಿಯಿಂದ ಮಷೀನ್ ಎಣ್ಣೆಯನ್ನೇ ತಂದು ಬಿಡುತ್ತಾನೆ. ಕೊಬ್ಬರಿ ಎಣ್ಣೆ ಬಿಟ್ಟರೆ ಚಳಿಗಾಲದಲ್ಲಿ ಅದು ಗಟ್ಟಿಯಾಗಿ ಮಷೀನು ಕಚ್ಚಿಕೊಳ್ಳುತ್ತದೆ, ಅವನ ಅಂದಿನ ಕೂಲಿ ಹೋಗುತ್ತದೆ. ಕೊಬ್ಬರಿ ಎಣ್ಣೆ ಬಿಡುವವರು ಮನೆಯವರು. ಅದೂ ಎಣ್ಣೆಯನ್ನು ಕೊಂಡು ತರುವ ಗೋಜಿಲ್ಲದ ಮನೆಯವರು.

ಪಡಸಾಲೆಯ ಮೂಲೆಯಲ್ಲಿ, ಹೂವಿನ ಕಸೂತಿಯ ಬಟ್ಟೆ ಹೊದ್ದುಕೊಂಡು, ಆ ಮನೆಯ ಹೊಲಿಗೆ ಮಷೀನು ನಿಂತಿತ್ತು. ನಾನು ಅದರ ಕಡೆ ಕೈ ತೋರಿಸಲಿಲ್ಲ. ತೋರಿಸಬೇಕಾಗಲೂ ಇಲ್ಲ. ಅಡುಗೆಮನೆಯ ಬಾಗಿಲಿಗೆ ಚನ್ನಬಸಪ್ಪನವರ ಹೆಂಡತಿ ಪಾರ್ವತಮ್ಮ ಬಂದು ನಿಂತಿದ್ದರು.

"ಅದನ್ನ ನಾನೇ ಹೊಡ್ದಿದ್ದು ಕಣ್ರೀ" ಎಂದರು. "ಚೀಲದಾಗಿದ್ದ ಬ್ಯಾರೆ ಚೀಟಿಗೆಲ್ಲಾ ಅಂಚಿತ್ತು. ಇದೊಂದು ಬೋಳಾಗಿತ್ತು. ದೇವರ ಗೂಡಲ್ಲಿಟ್ಟಿದ್ದು, ನಮ್ಮನೆಯಿಂದ ನಾಲ್ಕು ಜನ ನೋಡೋ ಕಡೆಗೆ ಹೋಗೋದು, ಬರೀ ಹಣೇಲಿ ಹೆಂಗೆ ಕಳ್ಸೋದು ಅನ್ನಿಸ್ತು. ದಾರ ತೆಗ್ದು ನಿಧಾನಕ್ಕೆ ತುಳಿದೆ. ಚೆಂದಾಗೇ ಬಂತು."

ಚನ್ನಬಸಪ್ಪನವರು ಭೂತಗನ್ನಡಿಯನ್ನು ಕೆಳಗಿಟ್ಟರು.

"ನೆನ್ನೆಯಿಂದ ಮನೇಲಿ ಏನೋ ಗಲಾಟೆ ಆಯ್ತಿತ್ತು. ಅದು ಇದಕ್ಕೇ ಅಂತ ನಂಗೆ ಯಾರ್ ಹೇಳಿದ್ರು? ಒಂದ್ ಮಾತು ಕೇಳಿದ್ರೆ ಹೇಳ್ತಿರ್ಲಿಲ್ವೇ?" ಎಂದು ಗಂಡನ ಕಡೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಪೇದೆ ಎದ್ದು ಹೋದ. ಚನ್ನಬಸಪ್ಪನವರು ಕೆಟ್ಟವರೇನಲ್ಲ. ಆದರೆ ತಪ್ಪಾಯಿತು ಎನ್ನುವ ಅಭ್ಯಾಸ ಅವರಿಗಿರಲಿಲ್ಲ. "ಹೋಗ್ಲಿ ಬುಡು ರಾಜಣ್ಣ, ಆಗಿದ್ದಾಯ್ತು. ಹೊತ್ತಾಯ್ತು, ಮಂಡಿ ಬಾಗ್ಲು ತೆಗಿ ನಡಿ" ಎಂದರು.

ರಾಜಣ್ಣ ಸೊಂಟದಿಂದ ಬೀಗದ ಕೈ ಬಿಚ್ಚಿ ಅವರ ಮುಂದೆ ಇಟ್ಟರು. "ಯಜಮಾನ್ರೇ, ಇಷ್ಟು ವರ್ಷ ಇದು ನನ್ ಸೊಂಟದಾಗಿತ್ತು. ನಾನೆಂಥೋನು ಅಂತ ನಿಮ್ಗೆ ಗೊತ್ತಾಗೋಕೆ ತಿಪಟೂರಿಂದ ಭೂತಗನ್ನಡಿ ಬರ್ಬೇಕಾಯ್ತು. ನಾನಿನ್ ಬತ್ತೀನಿ" ಎಂದು ಮೆಟ್ಟಿಲಿಳಿದರು.

ಕೈಲಿದ್ದ ಚೀಟಿಯನ್ನು ಚನ್ನಬಸಪ್ಪನವರು ಚಾಪೆಯ ಮೇಲೆ ತಳ್ಳಿದರು, ಅದನ್ನು ನನ್ನ ಕಣ್ಣಿಗೆ ತೋರಿಸಬೇಡಿ ಎಂದರು. ಪಾರ್ವತಮ್ಮ ಅದನ್ನೆತ್ತಿಕೊಂಡು ಬೀದಿಯವರೆಗೂ ಹೋಗಿ ರಾಜಣ್ಣನ ಕೈಲಿಟ್ಟರು. "ಇದು ನಿನ್ ತಾವೇ ಇರ್ಲಿ ಕಣಪ್ಪ. ಯಾರಾದ್ರೂ ಏನಾದ್ರೂ ಅಂದ್ರೆ ತೋರ್ಸು" ಎಂದರು.

ಅಭಿಪ್ರಾಯ ಪತ್ರದಲ್ಲಿ ನಾನು 'ಚೀಟಿ ಅಸಲಿ, ಹಲ್ಲು ನಕಲಿ' ಎಂದು ಬರೆದೆ. ಹೇಳಿದ ಮಾತು ಕೇಳದೆ ಬೇಕಾದ್ದು ಬರೆದಿದ್ದೀರಿ ಎಂದು ಸುಬ್ಬರಾಯರಿಂದ ಮೆಮೊ ಬಂತು. ಅದಕ್ಕೆ ಉತ್ತರ ಕೊಡುವ ಉಮೇದು ನನಗಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಸಂಸ್ಥೆ ಮುಚ್ಚಿತು. ನನ್ನ ಕಣ್ಣೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮುಚ್ಚಲು ಶುರುವಾಗಿತ್ತು. ಅದಾಗಿ ಕೆಲವು ತಿಂಗಳಿಗೆ ಯಾವುದೋ ಮದುವೆಗೆಂದು ಬಿಳಿಗೆರೆಗೆ ಹೋದವನು, ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಸಣ್ಣ ಅಂಗಡಿಯಿಂದ "ಸಾಮಿ" ಎಂದು ಯಾರೋ ಕರೆದರು. ರಾಜಣ್ಣ. ಪೂರ್ತಿ ನರೆತಿದ್ದರು. ಬೆಂಚು ಒರೆಸಿ ಕೂರಿಸಿದರು. ಆ ಗಂಡಿನವರು ವೀಳ್ಯಶಾಸ್ತ್ರಕ್ಕೆ ಬರಲೇ ಇಲ್ಲವಂತೆ. ಆಮೇಲೆ ಎರಡು ವರ್ಷ ಬಿಟ್ಟು, ದೂರದ ಊರಿಗೆ ಮಗಳನ್ನು ಕೊಟ್ಟರಂತೆ.

"ನಿಜ ಎಲ್ಲರಿಗೂ ಗೊತ್ತಾಯ್ತಲ್ಲ ರಾಜಣ್ಣ?" ಎಂದೆ.

"ಪೊಲೀಸ್ನೋರು ಬಂದಿದ್ದು ಎಲ್ರಿಗೂ ಗೊತ್ತಾಯ್ತು ಸಾಮಿ. ಕದೀದೆ ಇದ್ರೆ ಅಷ್ಟು ದೊಡ್ಡ ಮಂಡಿ ಯಾಕೆ ಬುಟ್ಟ ಅಂತಾರೆ, ಈಗ್ಲೂ."

ಗಲ್ಲಾ ಪೆಟ್ಟಿಗೆಯ ಮೇಲೆ ಕಟ್ಟು ಹಾಕಿಸಿದ ಸಣ್ಣ ಗಾಜಿತ್ತು. ಅದರೊಳಗೆ ಹಲ್ಲು ಮೂಡಿದ ನೀಲಿ ರಾಣಿ.

"ಮೊದಮೊದ್ಲು ಚಳಿಗಾಲ್ದಲ್ಲಿ ತೋರಿಸ್ತಿದ್ದೆ. ಬೆಳಿಗ್ಗೆ ಬೆಳ್ಳಗಾಗೋದು, ಬಿಸಿ ಹಿಡಿದ್ರೆ ಕರಗೋದು, ಜನ ನಂಬೋರು. ಈಗ ಎಣ್ಣೆ ಆರೋಗೈತೆ. ಏನೂ ಆಗಲ್ಲ" ಎಂದರು.

ಬೀಡಿ ಕೊಳ್ಳಲು ಬಂದ ಇಬ್ಬರು ಅಂಗಡಿಯ ಮುಂದೆ ನಿಂತು ನಮ್ಮ ಮಾತು ಕೇಳುತ್ತಿದ್ದರು. ಅವರಲ್ಲೊಬ್ಬ ಇನ್ನೊಬ್ಬನಿಗೆ ಕಣ್ಣು ಹೊಡೆದದ್ದು ನನ್ನ ಮಂಜುಗಣ್ಣಿಗೂ ಕಂಡಿತು. ರಾಜಣ್ಣನಿಗೂ ಕಂಡಿರಬೇಕು.

"ಸಾಮಿ" ಎಂದರು. "ನೀವೇ ಬಂದಿದ್ದೀರಿ. ಇವ್ರಿಗೆ ಒಂದ್ಸಲ ಹೇಳ್ಬಿಡಿ."

ಕೆಲಸ ಬಿಟ್ಟ ಮೇಲೂ ಭೂತಗನ್ನಡಿ ಅಭ್ಯಾಸಬಲದಿಂದ ಜೇಬಿನಲ್ಲೇ ಇರುತ್ತಿತ್ತು. ಗಾಜಿನ ಕಟ್ಟು ಬಿಚ್ಚಿಸಿ ಚೀಟಿಯನ್ನು ಬಿಸಿಲಿಗೆ ಹಿಡಿದೆ. ಎಣ್ಣೆ ಹೋಗಿದ್ದರೂ ತೂತುಗಳು ಇದ್ದಲ್ಲೇ ಇದ್ದವು. ಇಬ್ಬರನ್ನೂ ಹತ್ತಿರ ಕರೆದು, "ಇಲ್ಲಿ ನೋಡಿ, ಕಾಗದ ಉದುರಿಲ್ಲ, ಪಕ್ಕಕ್ಕೆ ಸರಿದು ನಿಂತಿದೆ" ಎಂದು ಮೊದಲಿನಿಂದ ಶುರುಮಾಡಿದೆ. ನನಗೆ ಸರಿಯಾಗಿ ಕಾಣುತ್ತಿರಲಿಲ್ಲ, ಬಾಯಿಪಾಠದಲ್ಲೇ ಹೇಳುತ್ತಿದ್ದೆ. ತಿಪಟೂರಿನ ಬಸ್ಸು ಬಂದು ನಿಂತು, ಹಾರನ್ ಹೊಡೆದು, ಹೊರಟುಹೋಯಿತು. ನಾನು ಇನ್ನೂ ಎರಡನೇ ಅಂಚಿನಲ್ಲಿದ್ದೆ.